ಪ್ಲಾಸ್ಟಿಕ್ ಹುಲ್ಲಿನ ಕಣ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಇದ್ದರೆ ಇರಲಿ, ಮೂಗು ನನ್ನದು ತಾನೇ. ಆದರೆ ನಮ್ಮ ಹಿತ್ತಲಿಗೆ ಪ್ಲಾಸ್ಟಿಕ್ ಹುಲ್ಲು ಬಂದ ವರ್ಷ ಮೊದಲು ಸಿಟ್ಟಾದವಳು ನಾನಲ್ಲ, ನನ್ನ ಅತ್ತೆ. ಅದೂ 'ಕೋರ್ಟ್' ಎಂಬ ಒಂದೇ ಒಂದು ಮಾತಿಗೆ.

ಅದಕ್ಕೂ ಮೊದಲು ರಿಂಗಿನ ವಿಷಯ ಹೇಳಿಬಿಡುತ್ತೇನೆ. ಚಾಮರಾಜನಗರದ ಹೈಸ್ಕೂಲಿನಲ್ಲಿ ನಾನು ಟೆನಿಕಾಯ್ಟ್ ಆಡುತ್ತಿದ್ದೆ. ನಾವು ಹುಡುಗಿಯರೆಲ್ಲ ಅದನ್ನು ರಿಂಗ್ ಎಂದೇ ಕರೆಯುತ್ತಿದ್ದೆವು. ನಡುವೆ ಎತ್ತರಕ್ಕೆ ಒಂದು ನೆಟ್ಟು, ಆಚೆಯವಳು ಎಸೆದ ರಬ್ಬರ್ ರಿಂಗನ್ನು ನೆಲಕ್ಕೆ ಬೀಳುವ ಮೊದಲೇ ಒಂದು ಕೈಯಲ್ಲಿ ಹಿಡಿದು ತಿರುಗಿ ಎಸೆಯಬೇಕು. ಇಷ್ಟೇನಾ ಎಂದು ಮೂಗು ಮುರಿಯುವವರು ಒಂದು ಸಲ ಆಡಿ ನೋಡಲಿ, ಮಾರನೆಯ ದಿನ ತಲೆ ಬಾಚಿಕೊಳ್ಳಲೂ ಕೈ ಮೇಲೇಳುವುದಿಲ್ಲ. ಶಾಲೆಯಲ್ಲಿ ನನಗೆ ಸರಿಸಮ ಆಡುತ್ತಿದ್ದವಳು ಒಬ್ಬಳೇ, ನನ್ನ ಬೆಂಚಿನ ಪಕ್ಕದವಳು. ಅವಳ ಅಪ್ಪ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ನನಗಿಂತ ಚೆಂದದ ಕನ್ನಡ. ಹತ್ತನೇ ತರಗತಿಯಲ್ಲಿ ಶಾಲೆಯ ಫೈನಲ್ ನಮ್ಮಿಬ್ಬರ ನಡುವೆಯೇ ಬಿತ್ತು. ಇಪ್ಪತ್ತೊಂದು ಪಾಯಿಂಟಿನ ಆಟ. ಅವಳದು ಹತ್ತೊಂಬತ್ತು, ನನ್ನದು ಹತ್ತೊಂಬತ್ತು ಆಗಿದ್ದಾಗ ಮಳೆ ಧೋ ಎಂದು ಸುರಿಯಿತು. ಹೆಡ್‌ಮಾಸ್ಟರು ವರಾಂಡದಲ್ಲೇ ನಿಂತು, "ಇಬ್ರೂ ಗೆದ್ರಿ, ಒಳಗೆ ಬನ್ನಿ, ನೆಗಡಿ ಆದೀತು" ಎಂದುಬಿಟ್ಟರು. ಒಂದೇ ಸರ್ಟಿಫಿಕೇಟಿನಲ್ಲಿ ಇಬ್ಬರ ಹೆಸರನ್ನೂ ಬರೆದು, ಆರು ತಿಂಗಳು ಇವಳ ಮನೆಯಲ್ಲಿ, ಆರು ತಿಂಗಳು ಅವಳ ಮನೆಯಲ್ಲಿ ಇರಲಿ ಎಂದರು. ಅವಳು ಮೊದಲ ಆರು ತಿಂಗಳಿಗೆಂದು ತೆಗೆದುಕೊಂಡು ಹೋದದ್ದು ಇವತ್ತಿಗೂ ವಾಪಸ್ ಬಂದಿಲ್ಲ.

ಮದುವೆಯಾಗಿ ಇಬ್ಬರೂ ಗುಂಡ್ಲುಪೇಟೆಗೇ ಬಂದು ಬಿದ್ದೆವು. ನನ್ನವರು ತರಕಾರಿ ಮಂಡಿಯವರು, ಈರುಳ್ಳಿ, ಬೀನ್ಸ್, ಕೋಸು ಲೋಡು ಮಾಡಿಸಿ ಕೇರಳಕ್ಕೆ ಕಳಿಸುತ್ತಾರೆ. ಅವಳ ಗಂಡ ಊಟಿ ರಸ್ತೆಯಲ್ಲಿ ಲಾರಿ ಸೀಟು ಹೊಲಿಯುವ ಅಂಗಡಿ ಇಟ್ಟವರು. ಸಂತೆಯಲ್ಲಿ ಸಿಕ್ಕಾಗಲೆಲ್ಲ ನಮ್ಮ ಮಾತು ಒಂದೇ.

"ಅವತ್ತು ಮಳೆ ಬರ್ದೇ ಇದ್ದಿದ್ರೆ ಗೆಲ್ತಿದ್ದೋಳು ನಾನು ಕಣೇ."

"ಹೌದೌದು, ಮಳೆ ನಿನ್ನ ಮಾನ ಉಳಿಸ್ತು, ಹೋಗೇ."

ಹದಿನೈದು ವರ್ಷ ಹೀಗೇ ಕಳೆದ ಮೇಲೆ ಒಂದು ದಿನ ಸೊಪ್ಪಿನ ಸಾಲಿನಲ್ಲಿ ನಿಂತೇ ತೀರ್ಮಾನ ಮಾಡಿದೆವು, ಆ ಆಟ ಮುಗಿಸಿಯೇ ಬಿಡೋಣ ಎಂದು. ಜಾಗವೂ ಇತ್ತು. ಬೀದಿಯವರ ಕಣ್ಣಿಗೆ ಬೀಳದ ಹಾಗೆ ಆಡಬೇಕು ಎಂಬುದು ಅವಳ ಷರತ್ತು, ನಮ್ಮ ಹಿತ್ತಲಿಗೋ ಆಳೆತ್ತರ ಮೀರಿದ ಕಾಂಪೌಂಡು. ಎಲ್ಲ ಸರಿಹೋಯಿತು ಎನ್ನುವಾಗ, ಒಣಮೆಣಸಿನಕಾಯಿ ತುಂಬಿದ ಮೊರ ಹಿಡಿದು ತಾರಸಿಯಿಂದ ಇಳಿಯುತ್ತಿದ್ದವಳು ಕಾಲು ಜಾರಿ ಬಿದ್ದೆ. ಮಂಡಿ ಹೋಯಿತು.

ಮೈಸೂರಿನ ಡಾಕ್ಟರು ಮೂರು ತಿಂಗಳು ಪಟ್ಟಿ ಕಟ್ಟಿ ಬಿಚ್ಚಿದ ಮೇಲೆ, "ನಡೀಬಹುದು, ಮೆಟ್ಟಿಲು ಹತ್ತಬಹುದು. ಗಟ್ಟಿ ನೆಲದ ಮೇಲೆ ಹಾರೋದು ಕುಣಿಯೋದು ಮಾತ್ರ ಮರೆತುಬಿಡಿ" ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ನಂಜನಗೂಡು ದಾಟಿದಲ್ಲಿಂದ ಬೇಗೂರಿನವರೆಗೂ ಅಳುತ್ತಲೇ ಇದ್ದೆ. ಮಂಡಿಗಾಗಿ ಅಲ್ಲ, ಆ ಹತ್ತೊಂಬತ್ತು-ಹತ್ತೊಂಬತ್ತಕ್ಕಾಗಿ. ಪಕ್ಕದಲ್ಲಿ ಕೂತಿದ್ದ ನನ್ನವರು ಕಡಲೆಕಾಯಿ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದರು.

ಅದಾಗಿ ಎರಡು ತಿಂಗಳಿಗೆ ಕೋಳಿಕ್ಕೋಡಿನಿಂದ ಅವರ ಫೋನು ಬಂತು. ಅಲ್ಲಿ ಯಾರೋ ಹೋಟೆಲಿನವರು ತಾರಸಿಗೆ ಹಾಸಿದ್ದ ಪ್ಲಾಸ್ಟಿಕ್ ಹುಲ್ಲನ್ನು ಕಿತ್ತು ಹಾಕುತ್ತಿದ್ದಾರಂತೆ, ಕೇಳಿದರೆ ತಗೊಂಡು ಹೋಗಿ ಎಂದರಂತೆ. "ಕೆಳಗೆ ಮೆತ್ತಗದೆ ಕಣಮ್ಮಿ. ಬಿದ್ರೂ ಏಟಾಗಲ್ಲ. ಲಾರಿ ಎಂಗೂ ಖಾಲಿ ಬತ್ತದೆ, ಹಾಕ್ಕ ಬತ್ತೀನಿ." ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನನ್ನವರದು ಎಂದು ಅಷ್ಟು ವರ್ಷ ಬೈದುಕೊಂಡು ಬಂದವಳು ಅವತ್ತು ಬಾಯಿ ಮುಚ್ಚಿಕೊಂಡೆ.

ಈರುಳ್ಳಿ ಇಳಿಸಿ ಬಂದ ಲಾರಿಯಿಂದ ಚಾಪೆಯಂತೆ ಸುತ್ತಿದ ಹಸಿರು ಉರುಳೆಗಳು ಇಳಿದವು. ಜೊತೆಗೆ ಅದನ್ನು ಹಾಸಿಕೊಡಲು ಒಬ್ಬ ಮಲಯಾಳಿ ಮೇಸ್ತ್ರಿ. ಅತ್ತೆ ಬಂದು ಉರುಳೆಯ ತುದಿ ಕಿತ್ತು ಮೂಸಿ ನೋಡಿದರು.

"ಇದ್ಯಾವ್ ಹುಲ್ಲಮ್ಮಿ? ದನಾನೂ ಮೂಸಾಕಿಲ್ಲ ಇದ್ನ."

"ಪುಲ್ಲು, ಅಮ್ಮಾ. ನಲ್ಲ ಪುಲ್ಲು" ಎಂದ ಮೇಸ್ತ್ರಿ.

"ಹುಲ್ಲು ಅನ್ನಾಕ್ ಬರ್ದವ್ನು ಹುಲ್ಲು ಹಾಸಾಕ್ ಬಂದವ್ನೆ" ಎಂದು ಅತ್ತೆ ನನ್ನ ಕಡೆ ತಿರುಗಿ ನಕ್ಕರು.

ಆ ನಗು ಸಂಜೆಯವರೆಗೂ ಉಳಿಯಲಿಲ್ಲ. ಬೀದಿಯಲ್ಲಿ ಕೇಳಿದವರಿಗೆಲ್ಲ ನಾನು "ಹಿತ್ತಲಲ್ಲಿ ಕೋರ್ಟ್ ಮಾಡಿಸ್ತಾ ಇದೀವಿ" ಎಂದಿದ್ದೆ. ಅದು ಹಾಲಿನವಳ ಬಾಯಿಗೆ ಬಿದ್ದು, ಬಾವಿಕಟ್ಟೆ ದಾಟಿ, ಸಂಜೆ ಹೊತ್ತಿಗೆ ಮನೆಗೆ ತಿರುಗಿ ಬಂದಾಗ ಅತ್ತೆ ಸೊಸೆ ಹಿತ್ತಲಿಗಾಗಿ ಕೋರ್ಟಿಗೆ ಹೋಗಿದ್ದಾರೆ ಎಂದಾಗಿತ್ತು. ತವರೂರು ಹರವೆಯಿಂದ ಅತ್ತೆಯ ತಮ್ಮ, ಅಕ್ಕನ ಪರ ನಿಲ್ಲಲು ಬಿಳಿ ಪಂಚೆ ಉಟ್ಟು ಬಸ್ಸಿಳಿದೇ ಬಿಟ್ಟರು. ಅವರಿಗೆ ಕಾಫಿ ಕೊಟ್ಟು, ಪ್ಲಾಸ್ಟಿಕ್ ಹುಲ್ಲು ತೋರಿಸಿ, ಕಳಿಸುವಷ್ಟರಲ್ಲಿ ಸಾಕುಬೇಕಾಯಿತು.

"ಇನ್ಮೇಲೆ ಕೋರ್ಟು ಗೀರ್ಟು ಅನ್ನೋ ಮಾತ ಈ ಮನೇಲಿ ಎತ್ತುದ್ರೆ ನೋಡು" ಎಂದರು ಅತ್ತೆ, ಕಣ್ಣು ಕೆಂಪಗೆ ಮಾಡಿಕೊಂಡು. "ಅದು ಕಣ. ಕಣ ಅನ್ನು."

ಅನ್ನುವುದೇನು, ಅಂದೆ. ಹೆಸರಲ್ಲೇನಿದೆ ಅಂದುಕೊಂಡಿದ್ದೆ. ಎಲ್ಲ ಇದ್ದದ್ದೇ ಆ ಹೆಸರಿನಲ್ಲಿ.

ಅತ್ತೆಗೆ ಕಣ ಎಂದರೆ ಏನು ಎಂದು ನನಗೆ ಗೊತ್ತಿರಬೇಕಿತ್ತು. ಕಾಳು ಒಕ್ಕುವ ಕಣ ಮಾಡುವುದರಲ್ಲಿ ಹರವೆ ಕಡೆಯಲ್ಲೇ ಅವರ ಅಪ್ಪನ ಮನೆಯವರು ಹೆಸರು ಮಾಡಿದವರಂತೆ. ಈಗೆಲ್ಲಿ ಕಣ? ರಾಗಿ, ಹುರುಳಿ ಎಲ್ಲವನ್ನೂ ಟಾರು ರಸ್ತೆಗೆ ಹರಡಿ, ಹೋಗುವ ಬರುವ ಬಸ್ಸು ಲಾರಿಯ ಚಕ್ರಕ್ಕೆ ಕೊಟ್ಟುಬಿಡುತ್ತಾರೆ. "ಡೀಸೆಲ್ ವಾಸ್ನೆ ಮುದ್ದೆ ಉಣ್ತೀವಿ" ಎಂದು ಅತ್ತೆ ಪ್ರತಿ ಸುಗ್ಗಿಯಲ್ಲೂ ಗೊಣಗುತ್ತಿದ್ದರು. ಈಗ ಮೂವತ್ತು ವರ್ಷದ ಮೇಲೆ ಅವರ ಸ್ವಂತ ಹಿತ್ತಲಿಗೆ ಒಂದು ಕಣ ಬರುತ್ತಿತ್ತು.

ಮೇಸ್ತ್ರಿ ಅಡಿಗೆ ಜಲ್ಲಿ, ಅದರ ಮೇಲೆ ಕಾಂಕ್ರೀಟು ಬೇಕು ಎಂದ. ಅತ್ತೆ, "ಹಿತ್ತಲಿಗೆ ಸಿಮೆಂಟು ಬಳ್ದು ಸಮಾಧಿ ಕಟ್ಟೀಯಾ? ಕಣ ಎಂಗ್ ಮಾಡದು ಅಂತ ನಾ ತೋರಿಸ್ತೀನಿ, ಸುಮ್ನಿರು" ಎಂದರು. ಅವನಿಗೆ ಒಂದಕ್ಷರ ಅರ್ಥವಾಗದಿದ್ದರೂ ದನಿ ಅರ್ಥವಾಯಿತು. ಊರಿನ ಬೇಕರಿಯೊಂದರಲ್ಲಿ ಅವನ ನೆಂಟರಿದ್ದರು, ಅಲ್ಲಿ ಉಳಿದುಕೊಂಡು ದಿನಕ್ಕೊಂದು ಸಲ ಬಂದು ನೋಡಿಕೊಂಡು ಹೋಗುತ್ತಿದ್ದ.

ನಲವತ್ತಡಿ ಉದ್ದ, ಹದಿನೆಂಟಡಿ ಅಗಲ ಅಳೆದು, ಕಳೆ ಕೆತ್ತಿ, ಹುತ್ತದ ಮಣ್ಣು ಹಾಕಿ, ನೀರು ಚಿಮುಕಿಸಿ, ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು ತುಳಿಸಿದರು. ಹರವೆಯ ತಮ್ಮ, ತಪ್ಪು ತಿಳಿದು ಬಂದಿದ್ದ ನಾಚಿಕೆಗೋ ಏನೋ, ಟ್ರ್ಯಾಕ್ಟರಿನಲ್ಲಿ ತೆನೆ ಒಕ್ಕುವ ಹಳೆಯ ರೋಣಗಲ್ಲು ಕಳಿಸಿದರು. ಅದನ್ನು ಉರುಳಿಸಿ ಉರುಳಿಸಿ ನೆಲ ಬಿಗಿಯಾದ ಮೇಲೆ ಸಗಣಿಯಲ್ಲಿ ಸಾರಿಸಿದರು. ನಟ್ಟ ನಡುವೆ ಎತ್ತು ಕಟ್ಟಿ ಸುತ್ತಿಸುವ ಮೇಟಿಕಂಬ ನೆಡಬೇಕು, ಮೇಟಿಯಿಲ್ಲದ ಕಣ ಉಂಟೇ ಎಂದು ಹಟ ಹಿಡಿದರು. ನಡುವೆ ಕಂಬವಿದ್ದರೆ ಆಡುವುದು ಹೇಗೆ ಅತ್ತೆ ಎಂದು ಕೇಳಿದರೆ, "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ." ಕೊನೆಗೆ ನೆಟ್ಟು ಕಟ್ಟುವ ಎರಡು ಕಂಬಕ್ಕೇ ಅರಿಸಿನ ಕುಂಕುಮ ಹಚ್ಚಿ, ಇವೇ ಮೇಟಿ ಎಂದು ರಾಜಿಯಾದೆವು. ಮೇಸ್ತ್ರಿ ಒಂದು ಬಿಂದಿಗೆ ನೀರನ್ನು ಕಣದ ನಡುವೆ ಸುರಿದ. ನೀರು ಎಲ್ಲೂ ನಿಲ್ಲದೆ ನಾಲ್ಕೂ ಕಡೆಗೆ ಹರಿದು ಹೋಯಿತು. ಅವನು ಅತ್ತೆಗೆ ಕೈ ಮುಗಿದು, "ಅಮ್ಮ ಎಂಜಿನಿಯರ್" ಎಂದ. ಅತ್ತೆ ಆ ಮಾತನ್ನು ಒಂದು ವಾರ ಊರಿಗೆಲ್ಲ ಹೇಳಿದರು.

ಹೊಸ ಕಣವನ್ನು ಬರಿದಾಗಿ ಬಿಡುವಂತಿಲ್ಲ ಎಂದು ಪೂಜೆಯೂ ಆಯಿತು. ಒಂದು ಮೂಟೆ ರಾಗಿ ತರಿಸಿ ರಾಶಿ ಮಾಡಿ, ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕನನ್ನು ಕೂರಿಸಿ, ಕಾಯಿ ಒಡೆದು, ಸೇರಿನಲ್ಲಿ ಅಳೆದು ಮತ್ತೆ ಮೂಟೆಗೆ ತುಂಬಿದರು. "ಲಾಭ... ಎರಡು... ಮೂರು..." ನಮ್ಮ ಕಡೆ ಕಣದಲ್ಲಿ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಒಂದು ಎಂದರೆ ರಾಶಿ ಒಂದಕ್ಕೇ ನಿಂತುಬಿಟ್ಟೀತು ಎಂಬ ಅಂಜಿಕೆ. ಅತ್ತೆ ಆ 'ಲಾಭ'ವನ್ನು ರಾಗ ಎಳೆದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಮಾರನೆಯ ದಿನ ಮೇಸ್ತ್ರಿ ಹುಲ್ಲು ಹಾಸಿದ. ಪಟ್ಟಿಗೆ ಪಟ್ಟಿ ಸೇರಿಸಿ ಅಂಟು ಹಚ್ಚಿ, ಅಂಚಿಗೆ ಉದ್ದ ಮೊಳೆ ಹೊಡೆದು, ಮೇಲೆ ಜರಡಿ ಹಿಡಿದ ಮರಳು ಚೆಲ್ಲಿ ಕಡ್ಡಿಪೊರಕೆಯಲ್ಲಿ ಗುಡಿಸಿದ. ಸುಣ್ಣದ ಗೆರೆ ಎಳೆದ ಮೇಲೆ ಹಿತ್ತಲು ಹಿತ್ತಲಾಗಿಯೇ ಉಳಿದಿರಲಿಲ್ಲ. ನಾನು ಒಂದು ಸಲ ಮೆಲ್ಲಗೆ ಹಾರಿ ನೋಡಿದೆ. ಮಂಡಿ ತೆಪ್ಪಗಿತ್ತು. ಇನ್ನೊಂದು ಸಲ ಹಾರಿದೆ. "ಚೇಚಿ, ಪದುಕ್ಕೆ ಪದುಕ್ಕೆ" ಎಂದು, ಅಕ್ಕಾ ಮೆಲ್ಲಗೆ ಎನ್ನುವಂತೆ ಕೈ ಆಡಿಸುತ್ತ ಮೇಸ್ತ್ರಿ ಗಾಬರಿಯಾದ.

ಅವನು ಊರಿಗೆ ಹೋದ ಮೇಲೆ ಕಣದ ಕಾನೂನು ಶುರುವಾಯಿತು. ಕಣಕ್ಕೆ ಮೆಟ್ಟು ಹಾಕಿಕೊಂಡು ಇಳಿಯಬಾರದು. ಶೂ ಆಗಲಿ, ಚಪ್ಪಲಿಯಾಗಲಿ, ರಾಜನೇ ಬರಲಿ, ಮೆಟ್ಟು ಆಚೆ. ಸರಿ, ಬರಿಗಾಲಿನಲ್ಲೇ ಇಳಿದೆವು, ನಾನೂ ನನ್ನ ಗೆಳತಿಯೂ. ಅವಳು ಬುರ್ಖಾ ತೆಗೆದು ಕೊಟ್ಟಿಗೆಯ ಗೂಟಕ್ಕೆ ತಗುಲಿಸಿ, ದುಪಟ್ಟಾ ಸೊಂಟಕ್ಕೆ ಬಿಗಿದು ನಿಂತಾಗ ಹತ್ತನೇ ತರಗತಿಯ ಅದೇ ಹುಡುಗಿ. ಆದರೆ ಪ್ಲಾಸ್ಟಿಕ್ ಹುಲ್ಲು ಹನ್ನೊಂದು ಗಂಟೆಯ ಬಿಸಿಲಿಗೆ ಕಾದ ಹೆಂಚಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ಎರಡು ಸಲ ಎಸೆಯುವಷ್ಟರಲ್ಲಿ ಇಬ್ಬರೂ ಹಾ ಹೂ ಎಂದು ಒಂಟಿಗಾಲಿನಲ್ಲಿ ಕುಣಿಯತೊಡಗಿದೆವು.

"ಯಾ ಅಲ್ಲಾ, ಇದು ರಿಂಗಾ, ಕೆಂಡದ ಕೊಂಡವಾ?" ಎಂದಳು ಅವಳು.

ಅತ್ತೆ ಕೊಟ್ಟಿಗೆಯ ಪೈಪು ಎಳೆದು ತಂದು ಹುಲ್ಲಿಗೆಲ್ಲ ನೀರು ಬಿಟ್ಟರು. ತಣ್ಣಗಾಯಿತು. ಅಂದಿನಿಂದ ದಿನಾ ಬೆಳಿಗ್ಗೆ, ಸಂಜೆ ಅವರದು ಅದೇ ಕೆಲಸ. ಮುದುಕಿ ಪ್ಲಾಸ್ಟಿಕ್ಕಿಗೆ ನೀರು ಹಾಕಿ ಬೆಳೆಸುತ್ತಿದ್ದಾಳೆ ಎಂದು ಪಕ್ಕದ ಮನೆಯವರು ತಾರಸಿಯ ಮೇಲೆ ನಿಂತು ನಗುತ್ತಿದ್ದರು. "ನಗ್ರವ್ವ ನಗ್ರಿ, ಹಲ್ಲು ಒಣಗ್ಲಿ" ಎಂದು ಅತ್ತೆ ಪೈಪು ಅವರ ಕಡೆಗೇ ತಿರುಗಿಸುತ್ತಿದ್ದರು.

ಎರಡು ವಾರ ಅಭ್ಯಾಸ ಮಾಡಿದೆವು. ಕೈ ಪಳಗಿತು, ಮಂಡಿ ಒಗ್ಗಿತು. ಮುಂದಿನ ಭಾನುವಾರ ಬೆಳಿಗ್ಗೆ ಆ ಹಳೆಯ ಆಟ ಎಂದು ಗೊತ್ತು ಮಾಡಿದೆವು. ಆ ವಾರದ ಮಂಗಳವಾರ ಅತ್ತೆ ಅಡುಗೆಮನೆಗೆ ಬಂದು, "ಅಮ್ಮಿ, ನಿನ್ ಪ್ಲಾಸ್ಟಿಕ್ ಹುಲ್ಲು ಬೆಳೀತಾ ಅದೆ" ಎಂದರು.

"ಪ್ಲಾಸ್ಟಿಕ್ ಎಲ್ಲಾದರೂ ಬೆಳೆಯುತ್ತಾ ಅತ್ತೆ? ಕನ್ನಡಕ ಹಾಕ್ಕೊಳ್ಳಿ" ಎಂದೆ.

"ಬಂದ್ ನೋಡು."

ಹೋಗಿ ಬಗ್ಗಿ ನೋಡಿದೆ. ನಾಲ್ಕೂ ಮೂಲೆಯಲ್ಲಿ ಹಸಿರಿನೊಳಗೆ ಹಸಿರು, ನೀರು ಇಂಗಲೆಂದು ಹುಲ್ಲಿನ ಅಡಿಗೆ ಇರುವ ತೂತುಗಳಿಂದ ಸೂಜಿಯಂಥ ಮೊಳಕೆ ಎದ್ದಿದ್ದವು. ಬಣ್ಣ ಒಂದೇ ಆದ್ದರಿಂದ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಕಡೆ ಬೆಸುಗೆ ಬಿಟ್ಟು ಪಟ್ಟಿ ಮೇಲೆದ್ದಿತ್ತು. ರಾಗಿ ಪೈರು! ಕಣವನ್ನು ಪೂರ್ತಿ ಗುಡಿಸಿ ಬರಿದು ಮಾಡಬಾರದು, ಭೂಮ್ತಾಯಿಯ ಪಾಲು ಬಿಡಬೇಕು ಎಂದು, ಪೂಜೆಯ ದಿನ ಅತ್ತೆ ನಾಲ್ಕೂ ಮೂಲೆಗೆ ಒಂದೊಂದು ಹಿಡಿ ರಾಗಿ ಚೆಲ್ಲಿ ಯಾರಿಗೂ ಹೇಳದೆ ಸುಮ್ಮನಿದ್ದರು. ಆಮೇಲೆ ದಿನಕ್ಕೆರಡು ಸಲ ಅದಕ್ಕೆ ನೀರು ಬೇರೆ.

ಮೇಸ್ತ್ರಿಗೆ ಫೋನು ಮಾಡಿದೆ. ಎಲ್ಲವನ್ನೂ ಎತ್ತಬೇಕು, ಹಳೆಯ ಹುಲ್ಲು, ಎತ್ತಿದರೆ ಹರಿದೀತು, ಮತ್ತೆ ಹಾಸಲು ಬರುವುದೋ ಇಲ್ಲವೋ ಎಂದ. ಅಷ್ಟೇ, ನನ್ನ ಮೂಗಿನ ತುದಿಯಲ್ಲಿದ್ದದ್ದು ಬಾಯಿಗೆ ಇಳಿಯಿತು. "ನಿಮ್ಮ ಕಣ, ನಿಮ್ಮ ಬೆನಕ, ನಿಮ್ಮ ಲಾಭ! ಸಿಮೆಂಟು ಹಾಕಿದ್ದರೆ ಇದೆಲ್ಲ ಆಗ್ತಿತ್ತಾ? ಹದಿನೈದು ವರ್ಷದಿಂದ ಕಾದಿದ್ದೆ ಅತ್ತೆ, ಎಲ್ಲ ಮಣ್ಣುಪಾಲು ಮಾಡಿಬಿಟ್ರಿ!" ಇನ್ನೂ ಏನೇನೋ ಅಂದೆ, ಬರೆಯಲು ನಾಚಿಕೆಯಾಗುತ್ತದೆ. ಒಂದಕ್ಕೆ ಎರಡು ಮಾತು ಕೊಡುವ ಅತ್ತೆ ಅವತ್ತು ಪೈಪು ಸುತ್ತಿ ಕೊಟ್ಟಿಗೆಯಲ್ಲಿಟ್ಟು ಒಳಗೆ ಹೋದರು. ನನಗೆ ಅದೇ ಹೆಚ್ಚು ಚುಚ್ಚಿತು.

ಬೆಳಿಗ್ಗೆ ಎದ್ದು ಹಿತ್ತಲಿಗೆ ಬಂದರೆ ಅತ್ತೆ ಕಣದ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಬುಟ್ಟಿ. ಹುಲ್ಲನ್ನು ಎತ್ತದೆ, ಒಂದೊಂದೇ ಪೈರನ್ನು ಬುಡದಲ್ಲಿ ಹಿಡಿದು, ಬೇರು ತುಂಡಾಗದ ಹಾಗೆ ತೂತಿನಿಂದ ಎಳೆದು ತೆಗೆಯುತ್ತಿದ್ದರು. ಎಷ್ಟು ಹೊತ್ತಿಗೆ ಎದ್ದಿದ್ದರೋ, ಅಷ್ಟರಲ್ಲೇ ಒಂದು ಮೂಲೆ ಮುಗಿದಿತ್ತು. ನಾನು ಹೋಗಿ ಎದುರಿಗೆ ಕೂತೆ.

"ಬುಡಿ ಅತ್ತೆ, ಸೊಂಟ ಹಿಡ್ಕೊಳ್ಳುತ್ತೆ."

"ನಾಟಿ ಪೈರು ಕಿತ್ತು ಬೆಳ್ದೋಳು ಕಣಮ್ಮಿ ನಾನು. ಇದೇನ್ ಮಹಾ." ಇನ್ನೊಂದು ಪೈರು ಎಳೆದು ಬುಟ್ಟಿಗೆ ಹಾಕಿ, ತಲೆಯೆತ್ತದೆ ಹೇಳಿದರು: "ನಾನೂ ಕುಂಟಬಿಲ್ಲೆ ಆಡ್ತಿದ್ದೆ, ಊರಲ್ಲಿ ನನ್ ಸೋಲ್ಸೋರಿರ್ಲಿಲ್ಲ. ಮದ್ವೆ ಆದ್ ದಿನ ಬುಟ್ಟೆ. ಆಡು ಅಂತ ಯಾರೂ ಅನ್ನಲಿಲ್ಲ. ನೀನಾದ್ರೂ ಆಡು ಅಂತ ಕಣ ಮಾಡ್ದೆ. ಅದ್ನೂ ಎಡವಟ್ಟು ಮಾಡ್ಬುಟ್ಟೆ."

"ತಪ್ಪಾಯ್ತು ಅತ್ತೆ" ಎಂದೆ. ಆ ಮಾತನ್ನು ಆ ಮನೆಯಲ್ಲಿ ನಾನು ಅದಕ್ಕಿಂತ ಮುಂಚೆ ಹೇಳಿದ್ದು ನೆನಪಿಲ್ಲ. ಅತ್ತೆ ಬುಟ್ಟಿಯನ್ನು ನನ್ನ ಕಡೆ ತಳ್ಳಿ, "ಆ ಮೂಲೆ ನೋಡೋಗು" ಎಂದರು.

ಗೆಳತಿಯೂ ಬಂದು ಸೇರಿಕೊಂಡಳು. ಶುಕ್ರವಾರದ ಹೊತ್ತಿಗೆ ನಾಲ್ಕು ಮೂಲೆಯೂ ಮುಗಿಯಿತು. ಬೆಸುಗೆ ಬಿಟ್ಟ ಪಟ್ಟಿಯನ್ನು ಅವಳು ಗಂಡನ ಅಂಗಡಿಯ ಡೊಂಕು ಸೂಜಿ, ನೈಲಾನ್ ದಾರ ತಂದು ಲಾರಿ ಸೀಟು ಹೊಲಿದಂತೆ ಹೊಲಿದಳು. ಆ ಹೊಲಿಗೆ ಕೋಳಿಕ್ಕೋಡಿನ ಅಂಟಿಗಿಂತ ಗಟ್ಟಿಯಾಗಿ ಕೂತಿತು. ಕಿತ್ತ ಪೈರನ್ನು ಅತ್ತೆ ಬಿಸಾಡಲಿಲ್ಲ, ಕಾಂಪೌಂಡಿನ ಉದ್ದಕ್ಕೂ ಸಾಲಾಗಿ ನಾಟಿ ಮಾಡಿದರು.

ಭಾನುವಾರ ಬಂತು. ಬಿಸಿಲೇರುವ ಮೊದಲೇ ಇಬ್ಬರೂ ಇಳಿದೆವು. ಅತ್ತೆಯೇ ಅಂಪೈರು. ಕಣದಾಚೆಯ ಒಗೆಯುವ ಕಲ್ಲಿನ ಮೇಲೆ ಹವಾಯಿ ಚಪ್ಪಲಿ ಮೆಟ್ಟಿ ಕೂತು, ಮಡಿಲಿನ ಎಡಕ್ಕೆ ಅವಳದೊಂದು, ಬಲಕ್ಕೆ ನನ್ನದೊಂದು ಎಂದು ಹುಣಸೆ ಬೀಜದ ಎರಡು ಗುಡ್ಡೆ ಮಾಡುತ್ತಿದ್ದರು. ಅವಳು ಮೊದಲ ಪಾಯಿಂಟ್ ತೆಗೆದಳು. "ಲಾಭ!" ಎಂದು ಕೂಗಿದರು ಅತ್ತೆ. ನಾನು ತೆಗೆದೆ, ನನಗೂ "ಲಾಭ!" ಅವಳು ನಕ್ಕು ನಕ್ಕು ಮುಂದಿನ ರಿಂಗು ಕೈಬಿಟ್ಟಳು. ನನ್ನವರು ತರಕಾರಿ ಮಂಡಿಗೆ ಹೋಗದೆ ಹಿತ್ತಲ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು, ಕಾಫಿ ಆರಿ ಹೋಗಿತ್ತು.

ಅವಳು ಮುಂದೆ, ನಾನು ಹಿಂದೆ. ಆಮೇಲೆ ನಾನು ಮುಂದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಹದಿನೇಳೋ ಹದಿನೆಂಟೋ ಆಗಿರುವಾಗ ಅವಳು ನೆಟ್ಟಿನ ಅಂಚಿಗೇ ಒಂದು ರಿಂಗು ಇಳಿಸಿದಳು, ಶಾಲೆಯಲ್ಲೂ ಅವಳು ಹೀಗೇ ಮೋಸ ಮಾಡುತ್ತಿದ್ದಳು. ಮಂಡಿ, ಡಾಕ್ಟರು, ಎಲ್ಲ ಮರೆತು ಹಾರಿದೆ. ರಿಂಗು ಕೈಗೆ ಸಿಕ್ಕಿತು, ಕಾಲು ಸಿಗಲಿಲ್ಲ. ಆ ಮಂಡಿಯ ಮೇಲೆಯೇ ಧಡಾರನೆ ಬಿದ್ದೆ.

"ಅಯ್ಯೋ ನನ್ ಕೂಸೇ!" ಎನ್ನುತ್ತ ಅತ್ತೆ ಓಡಿ ಬಂದರು. ಎಪ್ಪತ್ತು ದಾಟಿದವರು, ಸೆರಗು ಹಾರಿಸಿಕೊಂಡು, ಮಡಿಲಿನ ಹುಣಸೆ ಬೀಜವೆಲ್ಲ ಚೆಲ್ಲಿಕೊಂಡು ಓಡಿ ಬಂದು ನನ್ನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನೋವಾ ಅಮ್ಮಿ? ಮುರೀತಾ?"

ನಾನು ಕಾಲು ಮಡಚಿದೆ. ಚಾಚಿದೆ. ಮತ್ತೆ ಮಡಚಿದೆ. "ಏನೂ ಆಗಿಲ್ಲ ಅತ್ತೆ. ಮೆತ್ತಗಿದೆ" ಎಂದೆ. ಎಂದವಳು ಅಳತೊಡಗಿದೆ. ಮೈಸೂರಿನಿಂದ ಬರುವ ಬಸ್ಸಿನಲ್ಲಿ ಅತ್ತ ಹಾಗಲ್ಲ, ಖುಷಿಗೆ ಅಳು ಬಂದರೆ ಮೂಗೂ ಸೋರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಗೆಳತಿ ನೆಟ್ಟಿನ ಕೆಳಗೆ ನುಸುಳಿ ಬಂದು, ಅತ್ತೆಯ ಪಾದದ ಕಡೆ ಬೆರಳು ಮಾಡಿದಳು.

"ಅಮ್ಮಾ... ಮೆಟ್ಟು!"

ಅತ್ತೆ ಕೆಳಗೆ ನೋಡಿಕೊಂಡರು. ಕಣದ ನಟ್ಟ ನಡುವೆ, ಎರಡೂ ಕಾಲಿನಲ್ಲಿ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ನಾಲಿಗೆ ಕಚ್ಚಿಕೊಂಡು, ಎರಡನ್ನೂ ಕಿತ್ತು ಗೋಡೆಯ ಕಡೆಗೆ ಎಸೆದು, ಹುಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಓಗ್ಲಿ ಬುಡು," ಎಂದರು, "ಕಣಕ್ಕಿಂತ ಕೂಸು ದೊಡ್ಡದು."

"ಸರಿ ಅಮ್ಮಾ, ಎಷ್ಟಾಗಿತ್ತು?" ಎಂದಳು ಗೆಳತಿ, ರಿಂಗು ಎತ್ತಿಕೊಂಡು.

"ಹದಿನೆಂಟು ನಂದು" ಎಂದೆ ನಾನು.

"ಸುಳ್ಳು! ಹದಿನೆಂಟು ನಂದು, ನಿಂದು ಹದಿನೇಳು."

ಇಬ್ಬರೂ ಅತ್ತೆಯ ಮುಖ ನೋಡಿದೆವು. ಅತ್ತೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಹುಣಸೆ ಬೀಜ ನೋಡಿದರು, ಬರಿದಾದ ಮಡಿಲು ನೋಡಿದರು. ಬರಿಗಾಲಿನಲ್ಲೇ ಕಲ್ಲಿನ ಕಡೆಗೆ ನಡೆದು, ಸೆರಗು ಸಿಕ್ಕಿಸಿಕೊಂಡು, ಹೊಸದಾಗಿ ಕೂತರು.

"ಎಷ್ಟಾದ್ರೆ ಏನ್ರಮ್ಮಿ, ಮಳೆ ಬಂದದಾ ಈಗ? ಮೊದ್ಲಿಂದ ಆಡಿ" ಎಂದರು. "ಲಾಭ!"